ಹ್ಯಾಂಡಲ್ ಕೊಳ್ಳಲು ಬರುವಾಗ ಹಳೆಯದನ್ನೂ ತನ್ನಿ

ಪ್ರಿಯ ಗ್ರಾಹಕರೇ, ನಮಸ್ಕಾರ.

ಬರುವ ತಿಂಗಳ ಒಂದನೇ ತಾರೀಖಿನಿಂದ ನಮ್ಮ ಅಂಗಡಿಯಲ್ಲಿ ಬಾಗಿಲಿನ ಹ್ಯಾಂಡಲ್ ಮಾರುವ ಕ್ರಮ ಬದಲಾಗುತ್ತಿದೆ. ಹಳೆಯದನ್ನು ನೋಡದೆ ಹೊಸ ಹ್ಯಾಂಡಲ್ ಕೊಡುವುದಿಲ್ಲ. ಬಿಚ್ಚಿ ತಂದರೆ ಒಳ್ಳೆಯದು. ಆಗದಿದ್ದರೆ ಪಕ್ಕದಲ್ಲಿ ಸ್ಕೇಲ್ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದು ತನ್ನಿ. ಸ್ಪ್ರಿಂಗ್, ಸ್ಕ್ರೂ, ಎರಡು ಕಡೆಯ ಹ್ಯಾಂಡಲ್ ಸೇರಿಸುವ ಚೌಕ ಸರಳು ಇನ್ನು ಬಿಡಿಯಾಗಿಯೂ ಸಿಗುತ್ತವೆ.

ಇಷ್ಟು ಸಣ್ಣ ವಸ್ತುವಿಗೆ ಇಷ್ಟೆಲ್ಲ ಯಾಕೆ ಅಂತ ಅನಿಸಬಹುದು. ಹೊರಗಿಂದ ನೋಡಿದರೆ ಎಲ್ಲ ಹ್ಯಾಂಡಲ್‌ಗಳೂ ಒಂದೇ ಥರ ಇರುತ್ತವೆ. ಆದರೆ ಯಾವುದು ಕೂರುತ್ತದೆ ಅಂತ ತೀರ್ಮಾನಿಸುವುದು ಬಾಗಿಲಿನ ಒಳಗಿರುವ ಲಾಕ್. ಸರಳು ಹೋಗುವ ತೂತಿನ ನಡುವಿನಿಂದ ಕೀಲಿ ತೂತಿನ ನಡುವಿಗೆ ಕೆಲವು ಲಾಕ್‌ಗಳಲ್ಲಿ 72 ಮಿ.ಮೀ., ಕೆಲವುಗಳಲ್ಲಿ 85 ಮಿ.ಮೀ. ಇರುತ್ತದೆ. ಸ್ವಲ್ಪ ತಪ್ಪಿದರೂ ಕೀಲಿ ಒಳಗೆ ಹೋಗುವುದಿಲ್ಲ. ಸರಳು ಸಾಮಾನ್ಯವಾಗಿ 8 ಮಿ.ಮೀ. ಚೌಕ. ಅದರ ಉದ್ದ ಮಾತ್ರ ಬಾಗಿಲಿನ ದಪ್ಪಕ್ಕೆ ತಕ್ಕಂತೆ ಬೇಕು. ಅಳತೆ ಹೊಂದದಿದ್ದರೆ ಬಾಗಿಲಿಗೇ ಹೊಸ ತೂತು ಕೊರೆಯುತ್ತಾರೆ. ನಮ್ಮ ಕರಾವಳಿಯ ಹಳೆ ಮನೆಗಳಲ್ಲಿ ಹಲಸಿನ ಬಾಗಿಲು, ಸಾಗುವಾನಿ ಬಾಗಿಲು ಇನ್ನೂ ಗಟ್ಟಿಯಾಗಿವೆ. ಅಂಥ ಮರಕ್ಕೆ ತೂತು ಕೊರೆದು ಪುಟ್ಟಿ ತುಂಬಿಸುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ವಿಷಯ. ಮಳೆಗಾಲದಲ್ಲಿ ಹ್ಯಾಂಡಲ್ ಕೇಳಿಕೊಂಡು ಬರುವವರು ಜಾಸ್ತಿ. ಎಷ್ಟೋ ಸಲ ಕೆಟ್ಟಿರುವುದು ಹ್ಯಾಂಡಲ್ ಅಲ್ಲವೇ ಅಲ್ಲ. ಮರ ನೀರು ಕುಡಿದು ಉಬ್ಬಿರುತ್ತದೆ, ಲಾಕಿನ ನಾಲಿಗೆ ದಾರಂದದ ತಗಡಿಗೆ ಸರಿಯಾಗಿ ಕೂರುವುದಿಲ್ಲ. ಆಗ ಹ್ಯಾಂಡಲ್ ಹಿಡಿದು ಬಲವಾಗಿ ಎಳೆಯುತ್ತೇವೆ, ಅದು ಸಡಿಲವಾಗುತ್ತದೆ. ಆ ತಗಡನ್ನು ಆಚಾರಿಯವರು ಅರದಿಂದ ಸ್ವಲ್ಪ ಉಜ್ಜಿಕೊಟ್ಟರೆ ಸಾಕು. ಹ್ಯಾಂಡಲ್ ಜೋತುಬಿದ್ದಿದ್ದರೆ ಹೆಚ್ಚಾಗಿ ಸ್ಪ್ರಿಂಗ್ ಹೋಗಿರುತ್ತದೆ. ಬರೀ ಗಡಗಡ ಅಲ್ಲಾಡುತ್ತಿದ್ದರೆ ಕುತ್ತಿಗೆಯ ಕೆಳಗಿನ ಪುಟ್ಟ ಸ್ಕ್ರೂ ಬಿಗಿ ಮಾಡಿ ನೋಡಿ. ಇಂಥದ್ದಕ್ಕೆ ಇಡೀ ಸೆಟ್ ಕೊಳ್ಳುವುದು ಸುಮ್ನೆ ಖರ್ಚು, ಅಲ್ವಾ?

ಹೊಸದೇ ಬೇಕಾದರೆ, ಹೊರಬಾಗಿಲಿಗೆ ಕ್ರೋಮ್ ಬಳಿದ ಸತುವಿನ ಹ್ಯಾಂಡಲ್ ಬೇಡ ಅಂತಲೇ ಹೇಳುತ್ತೇವೆ. ಉಪ್ಪುಗಾಳಿಗೆ ಅದರ ಮೇಲ್ಪದರ ಗುಳ್ಳೆ ಎದ್ದು ಏಳುತ್ತದೆ. ಹಿತ್ತಾಳೆ ತಗೊಳ್ಳಿ, ಇಲ್ಲವೇ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್. ಮನೆ ಸಮುದ್ರಕ್ಕೆ ತೀರಾ ಹತ್ತಿರ ಇದ್ದರೆ 316 ಇನ್ನೂ ಒಳ್ಳೆಯದು. ಅದರಲ್ಲಿರುವ ಮಾಲಿಬ್ಡಿನಮ್ ಎಂಬ ಲೋಹ ಉಪ್ಪಿನ ಕಾಟವನ್ನು ಚೆನ್ನಾಗಿ ತಡೆಯುತ್ತದೆ. ಅಂಟದಿದ್ದರೆ ಒಳ್ಳೆ ಸ್ಟೀಲ್ ಅಂತ ಕೆಲವರು ಅಯಸ್ಕಾಂತ ಹಿಡಿದು ಪರೀಕ್ಷೆ ಮಾಡುತ್ತಾರೆ. ಅದನ್ನು ನಂಬಬೇಡಿ. ಕಡಿಮೆ ನಿಕಲ್ ಇರುವ 202 ಸ್ಟೀಲ್ ಕೂಡ ಹೆಚ್ಚಾಗಿ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಆದರೆ ಬೇಗ ತುಕ್ಕು ಹಿಡಿಯುತ್ತದೆ.

ಕೀಲಿ ತೂತಿಗೆ ತೆಂಗಿನೆಣ್ಣೆ ಹಾಕಬೇಡಿ. ಎಣ್ಣೆಗೆ ಧೂಳು ಮೆತ್ತಿ ಒಳಗೆ ಅಂಟಾಗುತ್ತದೆ. ಅದರ ಬದಲು ಹಾಕಲು ಗ್ರಾಫೈಟ್ ಪುಡಿ ನಮ್ಮಲ್ಲಿದೆ.

ಬಿಚ್ಚುವಾಗ ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಮರೆಯಬೇಡಿ. ಬಾಗಿಲು ತೆರೆದೇ ಇರಲಿ, ಮುಚ್ಚಿಕೊಳ್ಳದಂತೆ ಏನಾದರೂ ಅಡ್ಡ ಇಡಿ. ಸರಳು ತೆಗೆದ ಮೇಲೆ ಗಾಳಿಗೆ ಬಾಗಿಲು ಬಡಿದುಕೊಂಡರೆ ನಾಲಿಗೆ ಸಿಕ್ಕಿಕೊಳ್ಳುತ್ತದೆ, ಒಳಗಿದ್ದವರು ಒಳಗೇ ಉಳಿಯುತ್ತಾರೆ. ಮನೆಯಲ್ಲಿ ಮಕ್ಕಳೋ ವಯಸ್ಸಾದವರೋ ಇದ್ದರೆ ಇನ್ನೂ ಜೋಪಾನ. ತೆಗೆದ ಸ್ಕ್ರೂಗಳನ್ನು ಒಂದು ಬಟ್ಟಲಿನಲ್ಲಿ ಹಾಕಿಡಿ, ಹ್ಯಾಂಡಲ್ ಜೊತೆ ಅವನ್ನೂ ತನ್ನಿ.

ಬಾಡಿಗೆ ಮನೆಯವರು ಬಿಚ್ಚುವ ಮೊದಲು ಮಾಲೀಕರಿಗೆ ಒಂದು ಮಾತು ಹೇಳಿ. ಹೊಸ ಮನೆ ಕಟ್ಟುತ್ತಿರುವವರ ಬಳಿ ಹಳೆ ಹ್ಯಾಂಡಲ್ ಇರುವುದಿಲ್ಲ. ಅವರು ಲಾಕನ್ನೇ ತಂದು ತೋರಿಸಿದರೆ ಸಾಕು, ಅದಕ್ಕೆ ಹೊಂದುವುದನ್ನು ಕೂರಿಸಿ ನೋಡಿಯೇ ಕೊಡುತ್ತೇವೆ.

ಇಂತಿ,
ನಿಮ್ಮ ಹಾರ್ಡ್‌ವೇರ್ ಅಂಗಡಿಯವರು