ವಚನ ಹೇಳೋದಾದ್ರೆ ಪೂರ್ತಿ ಹೇಳಿ, ಅಪ್ಪಾವ್ರೇ

ಮಾನ್ಯ ಸಂಪಾದಕರೇ,

ಶ್ರಾವಣ ಬಂತಂದ್ರೆ ನಮ್ಮ ವಿಜಯಪುರ ಕಡೆ ಊರೂರಲ್ಲೂ ಪ್ರವಚನ. ಹೋದ ವರ್ಷ ನಮ್ಮೂರಿಗೆ ಬಂದಿದ್ದ ಸ್ವಾಮಿಗಳು, ಹೆಸರು ಬೇಡ, ಮಾತಲ್ಲಿ ಭಾರೀ ಗಟ್ಟಿಗರು, "ಕಾಯಕವೇ ಕೈಲಾಸ ಅಂತ ಬಸವಣ್ಣನೋರು ಹೇಳ್ಯಾರ" ಅಂತ ಶುರು ಮಾಡಿ ಭಕ್ತರು ಹೆಂಗೆ ದುಡೀಬೇಕು, ದುಡಿದಿದ್ರಲ್ಲಿ ಮಠಕ್ಕೆ ಎಷ್ಟು ಕೊಡಬೇಕು ಅಂತ ಒಂದು ತಾಸು ಹೇಳಿದ್ರು, ಜನ ಚಪ್ಪಾಳೆ ಹೊಡೆದ್ರು, ಪ್ರಸಾದ ತಗೊಂಡು ಮನೆಗೆ ಹೋದ್ರು.

ಬಸವಣ್ಣ ಕಾಯಕಕ್ಕೆ ಬೆಲೆ ಕೊಟ್ಟಿದ್ದು ಯಾರೂ ಅಲ್ಲಗಳೆಯಲ್ಲ ಬಿಡಿ. ಆದ್ರೆ ಆ ಸಾಲು ಇರೋದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಚೆಲ್ಲಿದ ಅಕ್ಕಿ ಆಯ್ಕೊಂಡು ದಾಸೋಹ ಮಾಡ್ತಿದ್ದ ಶರಣ ಆತ. ಆ ವಚನ ಪೂರ್ತಿ ಓದಿ ನೋಡಿ: "ಕಾಯಕದಲ್ಲಿ ನಿರತನಾದಡೆ ಗುರುದರ್ಶನವಾದಡೂ ಮರೆಯಬೇಕು, ಲಿಂಗಪೂಜೆಯಾದಡೂ ಮರೆಯಬೇಕು, ಜಂಗಮ ಮುಂದೆ ನಿಂದಿರ್ದಡೂ ಹಂಗು ಹರಿಯಬೇಕು." ಅಂದ್ರೆ ಕೆಲಸ ಮಾಡ್ತಾ ಇರೋವಾಗ ಗುರು ಬಂದು ಎದುರಿಗೆ ನಿಂತ್ರೂ ಎದ್ದು ಕಾಲಿಗೆ ಬೀಳೋದು ಬೇಕಿಲ್ಲ ಅಂತ. ಇದನ್ನೆಲ್ಲ ಹೇಳಿದ ಮೇಲೇನೇ "ಕಾಯಕವೇ ಕೈಲಾಸವಾದ ಕಾರಣ" ಅನ್ನೋದು ಬರೋದು. ಅಪ್ಪಾವ್ರು ಕಾರಣ ಹೇಳಿದ್ರು, ಯಾವುದಕ್ಕೆ ಕಾರಣ ಅನ್ನೋದು ಮಾತ್ರ ಬಿಟ್ರು. ಮಾರಯ್ಯನ ಹೆಂಡತಿ ಲಕ್ಕಮ್ಮನ ಹೆಸರಂತೂ ಬರಲೇ ಇಲ್ಲ, ದಿನದ ಅಳತೆಗಿಂತ ಜಾಸ್ತಿ ಅಕ್ಕಿ ತಂದ ಗಂಡನಿಗೆ "ಈಸಕ್ಕಿಯಾಸೆ ನಿಮಗೇಕೆ" ಅಂತ ಕೇಳಿ ವಾಪಸ್ ಕಳಿಸಿದ ತಾಯಿ ಅವಳು. ಮಠಕ್ಕೆ ಎಷ್ಟು ಕೊಡಬೇಕು ಅಂತ ಹೇಳೋ ವೇದಿಕೆ ಮೇಲೆ ಅವಳ ಮಾತು ಸ್ವಲ್ಪ ಕಷ್ಟಾನೇ ಅನ್ಸುತ್ತೆ.

ಇದು ಒಬ್ಬರ ಕಥೆ ಅಲ್ಲ. "ನುಡಿದಡೆ ಮುತ್ತಿನ ಹಾರದಂತಿರಬೇಕು" ಎಷ್ಟು ಸಭೆಯಲ್ಲಿ ಕೇಳಿಲ್ಲ ನಾವು? ಮುತ್ತು, ಮಾಣಿಕ್ಯ, ಸ್ಫಟಿಕ ಎಲ್ಲಾ ಬರುತ್ತೆ, "ಲಿಂಗ ಮೆಚ್ಚಿ ಅಹುದಹುದೆನಬೇಕು" ಅನ್ನೋತನಕ ಬಂದು ನಿಂತು ಬಿಡುತ್ತೆ. "ನುಡಿಯೊಳಗಾಗಿ ನಡೆಯದಿದ್ದಡೆ" ಅನ್ನೋ ಕೊನೇ ಸಾಲು, ಅಂದ್ರೆ ಹೇಳಿದಂಗೆ ನಡೀದಿದ್ರೆ ದೇವರು ಒಲಿಯೋದು ಹೆಂಗೆ ಅನ್ನೋದು, ಹೇಳೋರು ಕಮ್ಮಿ. ಹೇಳೋರ ಕುರ್ಚಿಗೇ ಬಿಸಿ ಮುಟ್ಟಿಸೋ ಸಾಲೇ ಯಾಕೆ ಪ್ರತಿ ಸಲ ಬಿಟ್ಟು ಹೋಗುತ್ತೆ?

ಬದಲಾಯಿಸೋರ ವಿಷಯ ಬೇರೆ. ಬಸವ ಧರ್ಮ ಪೀಠದ ಮಾತೆ ಮಹಾದೇವಿಯವರು ತಮ್ಮ "ಬಸವ ವಚನ ದೀಪ್ತಿ" ಪುಸ್ತಕದಲ್ಲಿ ಬಸವಣ್ಣನ ವಚನಗಳ ಕೂಡಲಸಂಗಮದೇವ ಅನ್ನೋ ಅಂಕಿತ, ಅಂದ್ರೆ ವಚನದ ಕೊನೆಗೆ ಬರೋ ದೇವರ ಹೆಸರು, ತೆಗೆದು ಲಿಂಗದೇವ ಅಂತ ಹಾಕಿದ್ರು, 1998ರಲ್ಲಿ ಸರ್ಕಾರ ಆ ಪುಸ್ತಕ ಮುಟ್ಟುಗೋಲು ಹಾಕ್ತು, 2017ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡೀತು. ಪುಸ್ತಕಕ್ಕೆ ನಿಷೇಧ ಹಾಕೋದು ಸರಿನಾ ತಪ್ಪಾ ಅನ್ನೋದು ಬೇರೆ ಚರ್ಚೆ, ನನಗೂ ಅದು ಅಷ್ಟು ಹಿಡಿಸಲ್ಲ. ಆದ್ರೆ ಅವರು ಬದಲಾಯಿಸಿದ್ದು ಅಚ್ಚಲ್ಲಿತ್ತು, ಕಣ್ಣಿಗೆ ಕಾಣ್ತಿತ್ತು, ಜನ ಜಗಳ ಮಾಡೋಕಾದ್ರೂ ಆಯ್ತು. ಮೈಕಲ್ಲಿ ಹಾರಿ ಹೋಗೋ ಸಾಲು ಯಾರಿಗೆ ಕಾಣುತ್ತೆ?

ಇದೇ ಊರಲ್ಲಿ ಫ.ಗು. ಹಳಕಟ್ಟಿಯವರು ವಕೀಲಿಕೆ ಬಿಟ್ಟು ಓಲೆಗರಿ ಹುಡುಕ್ತಾ ಮನೆಮನೆ ತಿರುಗಿದ್ರು, ವಚನ ಅಚ್ಚು ಹಾಕೋ ಪ್ರೆಸ್ಸಿಗೋಸ್ಕರ ಇದ್ದ ಮನೇನೂ ಮಾರಿದ್ರು. 1923ರಲ್ಲಿ ವಚನಶಾಸ್ತ್ರಸಾರ ಬಂತು. ಆಮೇಲೆ 1993ರಲ್ಲಿ ಸರ್ಕಾರ 15 ಸಂಪುಟದಲ್ಲಿ ಸಮಗ್ರ ವಚನ ತಂತು. ಈಗ ಮೊಬೈಲಲ್ಲೇ ಒಂದು ಪದ ಟೈಪ್ ಮಾಡಿದ್ರೆ ಯಾರ ವಚನ, ಯಾವ ಅಂಕಿತ ಎಲ್ಲಾ ಬರುತ್ತೆ. ಹಿಂದೆ ಓಲೆಗರಿ ಸಿಗಲ್ಲ ಅಂತಾದ್ರೂ ಹೇಳಬಹುದಿತ್ತು. ಇಲ್ಲೇ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಸ್ವಾಮೀಜಿ ಕೂಡ ಇದ್ರಲ್ಲ, ಜೇಬಿಲ್ಲದ ಅಂಗಿ, ಪದ್ಮಶ್ರೀ ಬೇಡ ಅಂದ್ರು, ನನ್ನ ಹೆಸರಲ್ಲಿ ಸ್ಮಾರಕ ಕಟ್ಟಬೇಡಿ ಅಂತ ಮುಂಚೇನೇ ಬರೆದಿಟ್ಟು ಹೋದ್ರು. "ನುಡಿಯೊಳಗಾಗಿ ನಡೆಯದಿದ್ದಡೆ" ಅನ್ನೋ ಆ ಕೊನೇ ಸಾಲನ್ನ ಧೈರ್ಯವಾಗಿ ಓದಬಲ್ಲಂಥವರು.

ಸ್ವಾಮಿಗಳು ಸ್ವಂತ ಅಭಿಪ್ರಾಯ ಹೇಳಲೇಬಾರದು ಅಂತ ಅಲ್ಲ. ಧಾರಾಳವಾಗಿ ಹೇಳ್ಲಿ. ವಚನ ಇಲ್ಲಿಗೆ ಮುಗೀತು, ಇನ್ನು ನನ್ನ ಮಾತು ಅಂತ ಒಂದು ಸಲ ಹೇಳಿದ್ರೆ ಸಾಕು. ಪ್ರವಚನ ಸಮಿತಿಯವರೂ ಶಾಮಿಯಾನ, ಮೈಕ್ ಸೆಟ್ಟಿಗೆ ಖರ್ಚು ಮಾಡೋ ಜೊತೆಗೆ ಆ ದಿನದ ವಚನನ ಪೂರ್ತಿ ಬೋರ್ಡ್ ಮೇಲೆ ಬರೆಸಿ ಇಡ್ಲಿ, ಕೂತೋರು ತಾವೇ ಓದ್ಕೋತಾರೆ. ಹಂಗೇ ನಿಮ್ಮ ಪತ್ರಿಕೆಯಲ್ಲಿ ವಚನ ಹಾಕುವಾಗ ಜಾಗ ಸಾಲಲ್ಲ ಅಂತ ಕೊನೇ ಸಾಲು, ಅಂಕಿತ ಕತ್ತರಿಸಬೇಡಿ, ಬೇಕಾದ್ರೆ ಪಕ್ಕದ ಜಾಹೀರಾತು ಸ್ವಲ್ಪ ಸಣ್ಣದು ಮಾಡಿ.

- ಒಬ್ಬ ಓದುಗ, ವಿಜಯಪುರ