ಒಂದೇ ಬೀದಿಗೆ ಏಳು ಸಲ

ಪ್ರೀತಿಯ ತಮ್ಮಾ,

ನೀನು ಕಳಿಸಿದ ಬೆಂಗಳೂರು ಪೇಟೆಯ ಬರಹ ಓದಿದೆ. ಅವೆನ್ಯೂ ರಸ್ತೆಯಲ್ಲಿ ಹೊರಟು ಚಿಕ್ಕಪೇಟೆ, ಬಳೇಪೇಟೆ, ಅರಳೇಪೇಟೆ, ತರಗುಪೇಟೆ ಎಲ್ಲ ಸುತ್ತಿ ಸಂಜೆಯೊಳಗೆ ಕೋಟೆ ಬಾಗಿಲಿಗೆ ಬಂದು ನಿಂತಿದ್ದೀಯ. ಓದುವವರ ಕಾಲು ಸೋಲುತ್ತದೆ, ಕಣ್ಣಲ್ಲಿ ಮಾತ್ರ ಏನೂ ನಿಲ್ಲುವುದಿಲ್ಲ. ಅಕಸ್ಮಾತ್ತಾಗಿ ಕಂಡವು ಅಂತ ನೀನು ಬರೆದಿರುವುದರಲ್ಲಿ ಬಹುಪಾಲು ಯಾರು ಹೋದರೂ ಮೊದಲ ಸಲಕ್ಕೇ ಕಾಣುವಂಥವು. ನಿನ್ನೆ ಇಲ್ಲದ್ದು ಇವತ್ತು ಇದೆ ಅಂತ ಗೊತ್ತಾಗಬೇಕಾದರೆ ನಿನ್ನೆಯೂ ಅದೇ ಬೀದಿಯಲ್ಲಿ ನಡೆದಿರಬೇಕು. ಏಳು ಬೀದಿಗೆ ಒಂದೊಂದು ಸಲ ಹೋಗುವುದನ್ನು ಬಿಟ್ಟು ಒಂದೇ ಬೀದಿಗೆ ಏಳು ಸಲ ಹೋಗು.

ಅವೆನ್ಯೂ ರಸ್ತೆಯನ್ನೇ ಇಟ್ಟುಕೋ. ಹಳಬರ ದೊಡ್ಡಪೇಟೆ ಅದು. ಮೈಸೂರು ಬ್ಯಾಂಕ್ ವೃತ್ತದಿಂದ ಕೆ.ಆರ್. ಮಾರುಕಟ್ಟೆವರೆಗೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್. ಶುರುವಿಗೆ ಅದರ ಅರ್ಧ ಸಾಕು. ಬೆಳಗಿನ ಐದಕ್ಕೆ ಒಮ್ಮೆ, ಹನ್ನೊಂದರ ನೂಕುನುಗ್ಗಲಲ್ಲಿ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ, ರಾತ್ರಿ ಶಟರ್ ಎಳೆದ ಮೇಲೆ ಒಮ್ಮೆ, ಒಂದು ಭಾನುವಾರ, ಒಂದು ಮಳೆಯ ದಿನ, ಒಂದು ಹಬ್ಬದ ದಿನ. ನಸುಕಿಗೂ ರಾತ್ರಿಗೂ ಜೊತೆಗೊಬ್ಬರನ್ನು ಕರೆದುಕೊಂಡು ಹೋಗು. ಅಂಗಡಿ ತೆರೆದಿರುವಾಗ ಕಣ್ಣು ಸರಕಿನ ಮೇಲೇ ಇರುತ್ತದೆ. ಶಟರ್ ಬಿದ್ದಾಗಲೇ ಮೇಲಿನ ಮಹಡಿ ಕಾಣುವುದು: ಗಾರೆಯಲ್ಲಿ ಕೆತ್ತಿದ ಇಸವಿ, ಬೋರ್ಡಿನ ಹಿಂದೆ ಅರ್ಧ ಮುಚ್ಚಿಹೋದ ಹಳೆಯ ಹೆಸರು, ಮರದ ಕಂಬದ ಜಗುಲಿ. ಮಳೆಯ ದಿನ ನೀರು ಯಾವ ಕಡೆ ಓಡುತ್ತದೆ ನೋಡು. ಈ ಊರಿನಲ್ಲಿ ಎಷ್ಟೋ ಕೆರೆಗಳು ಮುಚ್ಚಿಹೋಗಿವೆ. ಧರ್ಮಾಂಬುಧಿ ಈಗ ಮೆಜೆಸ್ಟಿಕ್‌ನ ಬಸ್ ನಿಲ್ದಾಣ, ಸಂಪಂಗಿ ಕೆರೆ ಈಗ ಕಂಠೀರವ ಕ್ರೀಡಾಂಗಣ, ಕೆ.ಆರ್. ಮಾರುಕಟ್ಟೆ ಇರುವ ಜಾಗ ಹಿಂದೆ ಸಿದ್ಧಿಕಟ್ಟೆ. ನಕ್ಷೆಯಲ್ಲಿ ಅಳಿಸಿದ್ದನ್ನು ನೆಲದ ಇಳಿಜಾರು ಇನ್ನೂ ಮರೆತಿಲ್ಲ.

ಹೊರಡುವ ಮೊದಲು ನಿನ್ನ ಹೆಜ್ಜೆಯನ್ನು ಅಳೆದುಕೋ. ನಾನೂರು ಮೀಟರಿನ ಓಟದ ಮೈದಾನದಲ್ಲಿ ಸಹಜ ನಡಿಗೆಯಲ್ಲಿ ಒಂದು ಸುತ್ತು ನಡೆದು ಹೆಜ್ಜೆ ಎಣಿಸಿ ನಾಲ್ಕರಿಂದ ಭಾಗಿಸು. ಸಾಮಾನ್ಯವಾಗಿ ನೂರು ಮೀಟರಿಗೆ ನೂರಮೂವತ್ತರ ಆಸುಪಾಸು ಬರುತ್ತದೆ. ಆಮೇಲೆ 'ಸ್ವಲ್ಪ ಮುಂದೆ ಹೋದರೆ' ಅಂತ ಬರೆಯುವ ಕಡೆಯಲ್ಲೆಲ್ಲ 'ನಲವತ್ತು ಹೆಜ್ಜೆ ಹೋದರೆ' ಅಂತ ಬರೆಯಬಹುದು. ಜೇಬಿನಲ್ಲಿ ಹಿಡಿಸುವ ನೋಟುಬುಕ್ಕು, ಪೆನ್ಸಿಲ್ಲು ಇರಲಿ. ಪೆನ್ನಿನ ಶಾಯಿ ಮಳೆಯಲ್ಲಿ ಕದಡುತ್ತದೆ. ಫೋನು ಆಮೇಲೆ. ಫೋಟೊ ತೆಗೆದ ತಕ್ಷಣ ನೋಡಿಯಾಯಿತು ಎಂದು ಮನಸ್ಸು ಕೈತೊಳೆದುಕೊಳ್ಳುತ್ತದೆ. ಮೊದಲು ಮೂರು ಸಾಲು ಬರೆದು ಆಮೇಲೆ ಕ್ಲಿಕ್ಕಿಸು.

ಈಗ ಜನರ ವಿಷಯ. ನಿನ್ನ ಬರಹದಲ್ಲಿ ಮಾತಾಡಿದವರೆಲ್ಲ ಒಂದೇ ಥರ ಮಾತಾಡುತ್ತಾರೆ. 'ಈ ಜಾಗದ ಇತಿಹಾಸ ಏನು?' ಅಂತ ನೀನು ಕೇಳಿರಬೇಕು. ಆ ಪ್ರಶ್ನೆಗೆ ಎಲ್ಲರ ಹತ್ತಿರವೂ ಒಂದು ತಯಾರಿ ಉತ್ತರ ಇರುತ್ತದೆ. ಅವರ ಕೈಯಲ್ಲಿರುವ ವಸ್ತುವಿನ ಬಗ್ಗೆ ಕೇಳು. ಮಾರುಕಟ್ಟೆಯಲ್ಲಿ ಮೂಟೆ ಹೊರುವವರು ತಲೆಗೂ ಹೊರೆಗೂ ನಡುವೆ ಸುತ್ತಿಟ್ಟುಕೊಳ್ಳುವ ಬಟ್ಟೆಯನ್ನು ತೋರಿಸಿ 'ಇದಕ್ಕೇನಂತೀರಿ?' ಅಂದರೆ ಸಿಂಬೆ ಅನ್ನುವ ಮಾತು ಬರುತ್ತದೆ. ಅದರ ಬೆನ್ನಿಗೇ ಅದನ್ನು ಸುತ್ತುವ ರೀತಿ, ಎಷ್ಟು ಭಾರಕ್ಕೆ ಎಷ್ಟು ಸುತ್ತು, ಕಲಿಸಿದವರು ಯಾರು ಎಲ್ಲ ಬರುತ್ತದೆ. ಹೂವಿನವರಲ್ಲಿ ಬಿಡಿಹೂವು ಕಿಲೋ ಲೆಕ್ಕ, ಕಟ್ಟಿದ್ದು ಮಾರು, ಮೊಳದ ಲೆಕ್ಕ. ಮೊಳ ಅಂದರೆ ಮೊಣಕೈಯಿಂದ ಬೆರಳ ತುದಿವರೆಗೆ. ಅಂದಮೇಲೆ ಯಾರ ಕೈ ಅನ್ನುವುದು ಮುಖ್ಯ. ಹೂವು ಕೊಳ್ಳಲು ಬಂದವರು ಈ ವಿಷಯಕ್ಕೆ ಚೌಕಾಸಿ ಮಾಡುವುದನ್ನು ಹತ್ತು ನಿಮಿಷ ಸುಮ್ಮನೆ ಕೇಳಿಸಿಕೋ, ನಿನ್ನ ಇಡೀ ಲೇಖನಕ್ಕಿಂತ ಹೆಚ್ಚು ಮಾತು ಸಿಗುತ್ತದೆ.

ಕೇಳುವುದಕ್ಕೂ ಹೊತ್ತಿದೆ. ಹನ್ನೊಂದಕ್ಕೆ ಕೇಳಿದರೆ ಬೈಸಿಕೊಳ್ಳುತ್ತೀಯ, ಅದು ನ್ಯಾಯವೇ. ಊಟ ಮುಗಿದು ಗಿರಾಕಿ ಕಡಿಮೆಯಾಗುವ ಮೂರು ಗಂಟೆ ಒಳ್ಳೆಯದು. ಗಲ್ಲಾಪೆಟ್ಟಿಗೆಯ ಎದುರು ನಿಲ್ಲಬೇಡ, ಪಕ್ಕಕ್ಕೆ ನಿಲ್ಲು. ಏನಾದರೂ ಸಣ್ಣದು ಕೊಂಡುಕೋ. ಗಿರಾಕಿ ಬಂದರೆ ಮಾತು ಅರ್ಧಕ್ಕೇ ನಿಲ್ಲಿಸು. ಬರೆಯುತ್ತೇನೆ ಅಂತ ಹೇಳಿಯೇ ಬರೆದುಕೋ, ಒಪ್ಪದಿದ್ದರೆ ಹೆಸರು, ಅಂಗಡಿ ಎರಡನ್ನೂ ಬಿಡು. ಆಡಿದ ಮಾತನ್ನು ಒಂದು ಗಂಟೆಯೊಳಗೆ ಆಡಿದ ಹಾಗೇ ಬರೆದಿಡು. ಪೇಟೆಯ ಕನ್ನಡದಲ್ಲಿ ತಮಿಳು, ತೆಲುಗು, ಉರ್ದು, ಮಾರ್ವಾಡಿ ಎಲ್ಲ ಸೇರಿರುತ್ತವೆ. ಅದನ್ನು ತಿದ್ದಿ ಪಠ್ಯಪುಸ್ತಕದ ಕನ್ನಡ ಮಾಡಿದೆಯೋ, ಮಾತಾಡಿದವರು ಅಲ್ಲಿಂದ ಎದ್ದು ಹೋಗಿಬಿಡುತ್ತಾರೆ.

ಕಲ್ಲುಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ನೀನು ಎಡವಿರುವುದು ಅಲ್ಲೇ. ಅರಳಿಕಟ್ಟೆಯ ಸಾಲಿನಲ್ಲಿ ಕಂಡ ಕಲ್ಲನ್ನೆಲ್ಲ 'ದೇವರ ಕಲ್ಲು' ಅಂದಿದ್ದೀಯ. ಹೆಣೆದುಕೊಂಡ ಹಾವಿದ್ದರೆ ನಾಗರಕಲ್ಲು. ಬಳೆ ತೊಟ್ಟ ಕೈಯೊಂದು ಮೇಲೆತ್ತಿದ್ದರೆ ಮಾಸ್ತಿಕಲ್ಲು, ಸತಿ ಹೋದವಳ ನೆನಪಿನದು. ಅಂತಸ್ತು ಅಂತಸ್ತಾಗಿ ಚಿತ್ರವಿದ್ದರೆ ವೀರಗಲ್ಲು, ಕಾದಾಡಿ ಸತ್ತವನ ನೆನಪಿನದು. ಅದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗೆ ಕಾಳಗ, ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು, ಮೇಲೆ ದೇವರ ಸನ್ನಿಧಿ. ಅಕ್ಷರವಿದ್ದರೆ ನಡುಹಗಲಲ್ಲಿ ಓದಲು ಹೋಗಬೇಡ, ನೆತ್ತಿಯ ಬಿಸಿಲಿಗೆ ಅಕ್ಷರದ ಗುಣಿಯಲ್ಲಿ ನೆರಳೇ ಬೀಳುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಬೇಕು. ಇಲ್ಲದಿದ್ದರೆ ಟಾರ್ಚನ್ನು ಕಲ್ಲಿಗೆ ತಾಗುವ ಹಾಗೆ ಪಕ್ಕದಿಂದ ಹಿಡಿ. ಸೀಮೆಸುಣ್ಣ ಬಳಿಯುವುದು, ಕೆರೆಯುವುದು, ಎಣ್ಣೆ ಹಚ್ಚುವುದು ಮಾಡಲೇಬೇಡ. ಜನ ಪೂಜಿಸುವ ಕಲ್ಲಾದರೆ ಕೇಳಿಯೇ ಮುಟ್ಟು. ನೇರ ಎದುರು ನಿಂತು ಫೋಟೊ ತೆಗೆ, ಅಳತೆಗೆ ಹತ್ತು ರೂಪಾಯಿ ನಾಣ್ಯ ಇಡು, ಅದರ ಅಗಲ 27 ಮಿಲಿಮೀಟರ್. ಮನೆಗೆ ಬಂದು ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಹುಡುಕು. ಬೆಂಗಳೂರು ಜಿಲ್ಲೆಯ ಶಾಸನಗಳಿರುವ ಅದನ್ನು ಬಿ.ಎಲ್. ರೈಸ್ 1905ರಲ್ಲಿ ಪ್ರಕಟಿಸಿದರು. ಅಲ್ಲಿ ಇಲ್ಲದಿದ್ದರೆ ನೃಪತುಂಗ ರಸ್ತೆಯಲ್ಲಿರುವ ಇತಿಹಾಸ ಅಧ್ಯಯನದ ಸಂಸ್ಥೆ ಮಿಥಿಕ್ ಸೊಸೈಟಿಗೆ ಫೋಟೊ ತೋರಿಸು.

ಕೇಳಿದ ಕಥೆಯನ್ನೂ ಕಂಡ ಕಲ್ಲನ್ನೂ ಒಂದೇ ದನಿಯಲ್ಲಿ ಹೇಳಬಾರದು ಅನ್ನುವುದಕ್ಕೆ ಬೆಂಗಳೂರಿನ ಹೆಸರೇ ಸಾಕ್ಷಿ. ಹೊಯ್ಸಳ ದೊರೆ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದಕ್ಕೇ ಬೆಂದಕಾಳೂರು ಅಂತ ನೀನೂ ಬರೆದಿದ್ದೀಯ. ಬಲ್ಲಾಳನ ಕಾಲಕ್ಕಿಂತ ಮುನ್ನೂರು ವರ್ಷ ಮೊದಲೇ, ಸುಮಾರು 890ರ ಬೇಗೂರಿನ ವೀರಗಲ್ಲಿನಲ್ಲಿ 'ಬೆಂಗಳೂರು ಕಾಳಗ' ಇದೆ. ಹಾಗಂತ ಅಜ್ಜಿಯ ಕಥೆಯನ್ನು ಕಿತ್ತು ಹಾಕಬೇಡ. ಯಾರು ಹೇಳಿದರು, ಎಲ್ಲಿ ಕೂತು ಹೇಳಿದರು ಅನ್ನುವುದರ ಜೊತೆ ಕಥೆಯಾಗಿ ಇಡು, ಪಕ್ಕದಲ್ಲಿ ಕಲ್ಲನ್ನು ನಿಲ್ಲಿಸು.

ಕಲ್ಲು ಹೇಳಿದ್ದೂ ಪೂರ್ತಿ ಅಲ್ಲ. ಕೋಟೆಯ ಹೊರಗೋಡೆಯಲ್ಲಿ ಒಂದು ಫಲಕವಿದೆ, 1791ರ ಮಾರ್ಚ್ 21ರಂದು ಬ್ರಿಟಿಷರು ಗೋಡೆಯ ಈ ಒಡಕಿನಿಂದ ನುಗ್ಗಿದರು ಅಂತ. ಕೋಟೆ ಕಾಯುತ್ತ ಆ ರಾತ್ರಿ ಸತ್ತ ಟಿಪ್ಪುವಿನ ಕಿಲ್ಲೇದಾರ ಬಹಾದೂರ್ ಖಾನನ ಹೆಸರು ಅದರಲ್ಲಿ ಇಲ್ಲ. ಫಲಕ ಕಂಡಾಗಲೆಲ್ಲ ಇದನ್ನು ಹಾಕಿಸಿದವರು ಯಾರು, ಯಾರನ್ನು ಬಿಟ್ಟಿದ್ದಾರೆ ಅಂತ ಕೇಳಿಕೋ.

ಬರೆಯುವಾಗ ಒಂದು ಬರಹಕ್ಕೆ ಒಂದೇ ಕಾಣ್ಕೆ ಸಾಕು. ಉಳಿದವು ದಾರಿಯಲ್ಲಿ ಸಿಕ್ಕಷ್ಟೇ ಬಂದು ಹೋಗಲಿ. ಇಬ್ಬರು ಆಡಿದ ಮಾತನ್ನು ಒಬ್ಬರ ಬಾಯಿಗೆ ಹಾಕಬೇಡ. 'ಅದ್ಭುತ', 'ವಿಸ್ಮಯ' ಅಂತ ಬಂದಲ್ಲೆಲ್ಲ ಗೆರೆ ಹೊಡೆದು ಆ ಜಾಗದಲ್ಲಿ ಒಂದು ಅಳತೆಯನ್ನೋ ಬಣ್ಣವನ್ನೋ ಇಡು. ಏನೂ ಸಿಗದ ದಿನದ ಟಿಪ್ಪಣಿಯನ್ನೂ ಹರಿಯಬೇಡ, ಐದನೆಯ ನಡಿಗೆಗೆ ಅದೇ ಬೇಕಾಗುತ್ತದೆ.

ಚೈತ್ರ ಪೂರ್ಣಿಮೆಗೆ ಕರಗ. ಧರ್ಮರಾಯನ ಗುಡಿಯಿಂದ ನಡುರಾತ್ರಿಯ ಮೇಲೆ ಹೊರಟು ಪೇಟೆಗಳನ್ನು ಸುತ್ತಿ, ಅರಳೇಪೇಟೆಯಲ್ಲಿ ತವಕ್ಕಲ್ ಮಸ್ತಾನ್ ದರ್ಗಾಕ್ಕೂ ಹೋಗಿ ಬರುತ್ತದೆ. ಏಳನೆಯ ನಡಿಗೆ ಅವತ್ತಿಗಿರಲಿ. ಆ ದಾರಿಯನ್ನು ಹಿಂದಿನ ಹಗಲೇ ಒಮ್ಮೆ ನಡೆದು ತಿರುವುಗಳನ್ನು ಎಣಿಸಿಟ್ಟುಕೋ, ರಾತ್ರಿಯ ಜಂಗುಳಿಯಲ್ಲಿ ದಿಕ್ಕೇ ತಿಳಿಯುವುದಿಲ್ಲ. ಲೇಖನ ಈಗಲೇ ಬೇಡ. ಮೊದಲ ಆರು ನಡಿಗೆಯ ನೋಟುಬುಕ್ಕಿನ ಪುಟಗಳನ್ನು ಇದ್ದ ಹಾಗೇ ಕಳಿಸು.

ಪ್ರೀತಿಯಿಂದ,
ನಿನ್ನ ಅಣ್ಣ