ಜಿಂಕೆಗಳಿಗೆ ಕಾಳು ಹಾಕುವುದನ್ನು ನಿಲ್ಲಿಸೋಣ

ಎಲ್ಲರಿಗೂ ನಮಸ್ಕಾರ ರೀ.

ಖಾನಾಪುರ ಕಡೆಯ ಕಾಡಂಚಿನ ತೋಟದ ಮನೆಯವರೆಲ್ಲ ಇದನ್ನು ಓದಿ. ಸಂಜೆಯಾದರೆ ಚುಕ್ಕೆ ಜಿಂಕೆಗಳು ಹಿತ್ತಲಿಗೇ ಬರುತ್ತಿವೆ. ಗೋವಿನಜೋಳ, ಉಳಿದ ರೊಟ್ಟಿ, ಅನ್ನ ಹಾಕುತ್ತಿದ್ದೇವೆ. ನೋಡಲಿಕ್ಕೆ ಚೆಂದ ಹೌದು, ಆದರೆ ಇವತ್ತಿನಿಂದ ದಯವಿಟ್ಟು ನಿಲ್ಲಿಸಿ.

ಜಿಂಕೆಯೂ ಮೆಲುಕು ಹಾಕುವ ಪ್ರಾಣಿ. ಹುಲ್ಲು, ಸೊಪ್ಪಿಗೆ ಒಗ್ಗಿದ ಹೊಟ್ಟೆಗೆ ಒಮ್ಮೆಲೇ ಕಾಳು ಜಾಸ್ತಿ ಬಿದ್ದರೆ ಒಳಗೆ ಹುಳಿಯಾಗಿ ಸತ್ತೇ ಹೋಗಬಹುದು. ದನ ಜೋಳದ ಚೀಲಕ್ಕೆ ಬಾಯಿ ಹಾಕಿದರೆ ಏನಾಗುತ್ತದೆ ಅಂತ ನಮಗೆಲ್ಲ ಗೊತ್ತು, ಅಲ್ವಾ? ಕಾಲುಬಾಯಿ ರೋಗವೂ ದನ, ಜಿಂಕೆಗಳ ನಡುವೆ ದಾಟಬಲ್ಲದು. ಜಿಂಕೆ ಬಂದಲ್ಲಿಗೆ ಚಿರತೆಯೂ ಬರಬಹುದು. ನಾಯಿಗಳಂತೂ ಬಿಡುವುದಿಲ್ಲ.

ಗೋದಲಿಯಲ್ಲಿ ಉಳಿದ ಹಿಂಡಿ, ಕಾಳು ಸಂಜೆಯೊಳಗೆ ತೆಗೆಯಿರಿ. ರಾತ್ರಿ ನಾಯಿ ಕಟ್ಟಿಹಾಕಿ. ಊಟದ ಕಸ ಪ್ಲಾಸ್ಟಿಕ್ ಚೀಲದಲ್ಲಿ ಹೊರಗಿಡಬೇಡಿ, ಜಿಂಕೆಗಳು ಚೀಲವನ್ನೂ ನುಂಗಿಬಿಡುತ್ತವೆ.

ಹುಲ್ಲಲ್ಲಿ ಒಂಟಿ ಮರಿ ಕಂಡರೆ ಪಾಪ ಅಂತ ಎತ್ತಿಕೊಂಡು ಬರಬೇಡಿ. ತಾಯಿ ಅದನ್ನು ಅಡಗಿಸಿಟ್ಟು ಮೇಯಲು ಹೋಗಿರುತ್ತದೆ. ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಗಾಯವಾದ ಜಿಂಕೆ ಕಂಡರೆ ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಸುತ್ತ ಜನ ಸೇರಿಸಬೇಡಿ.

ಹಳ್ಳದ ದಂಡೆಯಲ್ಲಿ ಯಾರೋ ಸುರಿದ ಜೋಳ ಹಾಗೇ ಬಿದ್ದಿದೆ, ಮೊಳಕೆಯೂ ಬಂದಿದೆ. ಭಾನುವಾರ ಬೆಳಿಗ್ಗೆ 7ಕ್ಕೆ ಸೇರಿ ತೆಗೆಯೋಣ. ಬುಟ್ಟಿ, ಕಸಬರಿಗೆ ತನ್ನಿ. ಬರುವವರು ಶನಿವಾರ ರಾತ್ರಿಯೊಳಗೆ ಇಲ್ಲಿ ಹೆಸರು ಹಾಕಿ. ಸುಮ್ನೆ ಹೆಬ್ಬೆಟ್ಟು ಒತ್ತಿದರೆ ಯಾರು ಬರ್ತಾರೆ ಗೊತ್ತಾಗುವುದಿಲ್ಲ ರೀ.